‘ಗಿಡಮೂಲಿಕೆ’ ಎಂದು ಬರೆದ ಸೇದುವ ಸೊಪ್ಪಿಗೆ ಯಾವ ಕಾನೂನು ಅನ್ವಯಿಸುತ್ತದೆ?

ಪ್ರಶ್ನೆ: ಪಾಲಕರು, ಕಲಬುರಗಿ

ಪಿಯುಸಿ ಓದುತ್ತಿರುವ ನನ್ನ ಮಗನ ಬ್ಯಾಗಿನಲ್ಲಿ ಕಳೆದ ವಾರ ಹೊಳೆಯುವ ಹಾಳೆಯ ಪೊಟ್ಟಣವೊಂದು ಸಿಕ್ಕಿತು. ಮೇಲೆ ‘ಶುದ್ಧ ಗಿಡಮೂಲಿಕೆ, ತಂಬಾಕುರಹಿತ’ ಎಂದೂ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಮನುಷ್ಯರ ಸೇವನೆಗಲ್ಲ’ ಎಂದೂ ಅಚ್ಚಾಗಿದೆ. ಒಳಗಿನ ಒಣ ಸೊಪ್ಪಿಗೆ ಗಾಂಜಾದ ಘಾಟಿಲ್ಲ, ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ ತೆಳುವಾಗಿ ಬರುತ್ತದೆ. ಕಾಲೇಜಿನ ಹತ್ತಿರದ ಪಾನ್ ಅಂಗಡಿಯಲ್ಲಿ ಕೊಂಡನಂತೆ. ಅಂಗಡಿಯವರನ್ನು ಕೇಳಿದರೆ, ಇದು ಗಾಂಜಾವೂ ಅಲ್ಲ, ತಂಬಾಕೂ ಅಲ್ಲ, ಹೀಗಾಗಿ ಯಾವ ಕಾನೂನಿಗೂ ಬರುವುದಿಲ್ಲ ಎನ್ನುತ್ತಾರೆ. ಇದು ನಿಜವೇ? ದೂರನ್ನು ಮಹಾನಗರ ಪಾಲಿಕೆಗೆ ಕೊಡಬೇಕೋ, ಪೊಲೀಸರಿಗೋ?

ಉತ್ತರ: ವಕೀಲರು, ಬೀದರ್

ಅಂಗಡಿಯವರ ಮಾತು ಅರ್ಧ ಮಾತ್ರ ಸರಿ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯು ಗಾಂಜಾ ಎನ್ನುವುದು ಆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿಯನ್ನು. ಆ ತುದಿಯ ಜೊತೆಗಿಲ್ಲದ ಬರಿಯ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗೆ ಉಳಿಯುತ್ತವೆ. ಭಂಗಿ ಸೊಪ್ಪಿನ (ಗಾಂಜಾ ಗಿಡದ ಎಲೆಯ) ಬಗ್ಗೆ ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ವಾದ ಏಳುವುದು ಇದರಿಂದಲೇ. ಆದರೆ ನಿಮ್ಮ ಪೊಟ್ಟಣದ ವಿಷಯದಲ್ಲಿ ಯಾವ ಗಿಡ ಎಂಬುದು ಮುಖ್ಯವೇ ಅಲ್ಲ, ಅದರ ಮೇಲೆ ಯಾವ ರಾಸಾಯನಿಕ ಕೂತಿದೆ ಎಂಬುದು ಮುಖ್ಯ. ಜೆಡಬ್ಲ್ಯೂಎಚ್-018, ಎಎಂ-2201 ಎಂಬ ಕೃತಕ ಕ್ಯಾನಬಿನಾಯ್ಡ್‌ಗಳು (ಗಾಂಜಾದಂತೆ ಅಮಲೇರಿಸಲು ಪ್ರಯೋಗಾಲಯದಲ್ಲಿ ತಯಾರಿಸಿದ ರಾಸಾಯನಿಕಗಳು) 2015ರಲ್ಲೇ ವಿಶ್ವಸಂಸ್ಥೆಯ ಮನೋಪ್ರಭಾವಿ ವಸ್ತುಗಳ ಪಟ್ಟಿಗೆ ಸೇರಿವೆ. ನಮ್ಮಲ್ಲಿ ಕಾಯ್ದೆಯ 3ನೇ ಕಲಮಿನಡಿ ಕೇಂದ್ರ ಸರ್ಕಾರವು ಅಧಿಸೂಚನೆ ಹೊರಡಿಸಿ ಹೊಸ ವಸ್ತುಗಳನ್ನು ಸೇರಿಸುತ್ತ ಹೋಗಬಹುದು. ತೊಡಕೇನೆಂದರೆ, ಪಟ್ಟಿಗೆ ಒಂದು ಹೆಸರು ಬರುವಷ್ಟರಲ್ಲಿ ತಯಾರಕರು ಅಣುವಿನ ರಚನೆಯನ್ನು ತುಸು ಬದಲಿಸಿ ಬೇರೊಂದನ್ನು ಮಾರುಕಟ್ಟೆಗೆ ಬಿಟ್ಟಿರುತ್ತಾರೆ.

ಹುಕ್ಕಾ ವಿಷಯದಲ್ಲಿ ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ತಂಬಾಕುರಹಿತ ಮಿಶ್ರಣವನ್ನೂ ನಿಷೇಧಿಸಿ ಈ ‘ಗಿಡಮೂಲಿಕೆ’ ನೆಪವನ್ನು ಮುಚ್ಚಿತು. ಸುತ್ತಿ ಸೇದುವ ಸೊಪ್ಪಿಗೆ ಆ ಆದೇಶವನ್ನು ನೇರವಾಗಿ ಹಚ್ಚುವುದು ಕಷ್ಟ. ಹೀಗಾಗಿ ಪೊಲೀಸರಿಗೇ ದೂರು ಕೊಡಿ. ಪೊಟ್ಟಣವನ್ನು ಲಕೋಟೆಯಲ್ಲಿಟ್ಟು, ಎಲ್ಲಿ, ಯಾವಾಗ ಸಿಕ್ಕಿತೆಂದು ಲಿಖಿತವಾಗಿ ತಿಳಿಸಿ ಠಾಣೆಗೆ ಒಪ್ಪಿಸಿ, ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಕಲಬುರಗಿಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ. ವಸ್ತು ಪಟ್ಟಿಯಲ್ಲಿರುವುದೇ ಎಂದು ಖಚಿತವಾಗಿ, ಮಗನಿಗೆ 18 ತುಂಬಿಲ್ಲದಿದ್ದರೆ, ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಮಾರಿದವರಿಗೆ 7 ವರ್ಷದವರೆಗೆ ಕಠಿಣ ಶಿಕ್ಷೆಯಾಗಬಹುದು. ಪಾಲಿಕೆಗೆ ಅಂಗಡಿಯ ಪರವಾನಗಿಯ ಬಗ್ಗೆ ಪ್ರತ್ಯೇಕ ಅರ್ಜಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಉತ್ತರ: ಔಷಧವಿಜ್ಞಾನ ಉಪನ್ಯಾಸಕಿ, ಕಲಬುರಗಿ

ಆ ವಾಸನೆ ನನಗೆ ಚಿಂತೆ ತರುತ್ತಿದೆ. ಇಂಥ ಕೃತಕ ರಾಸಾಯನಿಕಗಳ ಪುಡಿಯನ್ನು ಸಾಮಾನ್ಯವಾಗಿ ನೇಲ್ ಪಾಲಿಶ್ ತೆಗೆಯಲು ಬಳಸುವ ಅಸಿಟೋನಿನಲ್ಲಿ ಕರಗಿಸಿ ಒಣ ಎಲೆಗೆ ಸಿಂಪಡಿಸುತ್ತಾರೆ. ಸಿಂಪಡಣೆ ಸಮನಾಗಿ ಬೀಳುವುದಿಲ್ಲವಾದ್ದರಿಂದ ಒಂದೇ ಪೊಟ್ಟಣದ ಒಂದು ಚಿಟಿಕೆ ಏನೂ ಮಾಡದೆ, ಇನ್ನೊಂದು ಚಿಟಿಕೆ ಫಿಟ್ಸ್ ತರಿಸಬಹುದು. ಗಾಂಜಾ ಪತ್ತೆಗೆ ಮಾಡುವ ಸಾಮಾನ್ಯ ಮೂತ್ರ ಪರೀಕ್ಷೆಗೆ ಇವು ಸಿಗುವುದಿಲ್ಲ. ವರದಿ ಚೆನ್ನಾಗಿ ಬಂತೆಂದು ನಿಶ್ಚಿಂತರಾಗಬೇಡಿ. ವಾಂತಿ, ಎದೆಬಡಿತ, ಗೊಂದಲ ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ದು ಪೊಟ್ಟಣದ ಫೋಟೋವನ್ನು ವೈದ್ಯರಿಗೆ ತೋರಿಸಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಠಾಣೆಗೆ ಹೋದರೆ ಮಗನ ಮೇಲೆಯೇ ಪ್ರಕರಣವಾದೀತು ಎಂದು ಮನೆಯವರು ಹೆದರುತ್ತಿದ್ದಾರೆ.

ಉತ್ತರ: ವಕೀಲರು, ಬೀದರ್

ಹೆದರಿಕೆ ಸಹಜ, ಸರ್. ವ್ಯಸನಕ್ಕೆ ಬಿದ್ದವರು ತಾವಾಗಿ ಚಿಕಿತ್ಸೆಗೆ ಮುಂದಾದರೆ ಸೇವನೆಯ ಪ್ರಕರಣದಿಂದ ವಿನಾಯಿತಿ ಕೊಡುವ 64ಎ ಕಲಂ ಎನ್‌ಡಿಪಿಎಸ್ ಕಾಯ್ದೆಯಲ್ಲೇ ಇದೆ. ಮೊದಲು 14446 ವ್ಯಸನಮುಕ್ತಿ ಸಹಾಯವಾಣಿಗೆ ಕರೆಮಾಡಿ ವಿಚಾರಿಸಿ, ನಂತರ ವಕೀಲರೊಬ್ಬರನ್ನು ಕರೆದುಕೊಂಡು ಠಾಣೆಗೆ ಹೋಗಿ.