ಯುದ್ಧದ ಕಾದಂಬರಿಯಲ್ಲಿ ಅಂಥದ್ದೇನಿದೆ? ಮಲೆನಾಡಿನ ಓದುಗರ ಅನುಭವ ಹಂಚಿಕೆ

ಪ್ರಶ್ನೆ, ಶಿವಮೊಗ್ಗದಿಂದ: ನಮ್ಮ ಓದುವ ಬಳಗದಲ್ಲಿ ಈ ಮಳೆಗಾಲಕ್ಕೆ ಐತಿಹಾಸಿಕ ಯುದ್ಧ ಕಾದಂಬರಿ ಓದೋಣ ಅಂತ ತೀರ್ಮಾನವಾಗಿದೆ. ನಾನು ಇಷ್ಟು ವರ್ಷ ಓದಿದ್ದೆಲ್ಲ ಮನೆ, ಸಂಸಾರ, ಊರಿನ ಕಥೆಗಳು. ಕತ್ತಿ, ಕುದುರೆ, ಕೋಟೆ ಅಂದರೆ ನಿದ್ದೆ ಬರುತ್ತದೆ. ನಮ್ಮ ಯಜಮಾನರು ಮಾತ್ರ ಇಂಥ ಪುಸ್ತಕ ಹಿಡಿದರೆ ಊಟಕ್ಕೆ ಕರೆದರೂ ಏಳುವುದಿಲ್ಲ. ಅಂಥದ್ದೇನಿದೆ ಅದರಲ್ಲಿ? ಎಲ್ಲಿಂದ ಶುರು ಮಾಡಲಿ?

ಹೊಸನಗರದಿಂದ: ನಿಮಗೆ ಸಂಸಾರದ ಕಥೆ ಇಷ್ಟ ಅಂದರೆ ಮಾಸ್ತಿಯವರ ‘ಚನ್ನಬಸವನಾಯಕ’ದಿಂದ ಶುರು ಮಾಡಿ. ಅದು ನಮ್ಮ ಬಿದನೂರಿನ, ಅಂದರೆ ಈಗ ‘ನಗರ’ ಅಂತ ಕರೆಯುವ ಊರಿನ ಕಥೆ. 1763ರಲ್ಲಿ ಹೈದರಾಲಿ ಬಿದನೂರು ತೆಗೆದುಕೊಂಡ. ಆದರೆ ಕೋಟೆ ಬೀಳುವ ಮೊದಲು ಅರಮನೆ ಒಳಗಿನಿಂದಲೇ ಸಡಿಲಾಗಿತ್ತು. ರಾಣಿ ವೀರಮ್ಮಾಜಿ, ಚಿಕ್ಕ ವಯಸ್ಸಿನ ದೊರೆ, ನಡುವೆ ಪಿಸುಮಾತು ಆಡುವವರು. ಹೊರಗಿನ ಶತ್ರು ಬರುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತದೆ. ಇದು ಯುದ್ಧದ ಕಥೆಯೋ ಮನೆ ಒಡೆದ ಕಥೆಯೋ ನೀವೇ ಹೇಳಿ.

ಇನ್ನೊಂದು ವಿಷಯ. ನನಗೆ ಇಂಥ ಕಾದಂಬರಿಯಲ್ಲಿ ರುಚಿ ಹತ್ತಿದ್ದು ಜಾಗದಿಂದ. ಬಿದನೂರಿಗೆ ಕಾಡೇ ಕೋಟೆ. ದಟ್ಟ ಮರ, ಇಕ್ಕಟ್ಟು ದಾರಿ, ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಹೈದರನಿಗೆ ಗುಟ್ಟಿನ ದಾರಿ ತೋರಿಸಿದ್ದು ಸೆರೆಯಲ್ಲಿದ್ದ ಬಿದನೂರಿನ ಹಳೆಯ ಮಂತ್ರಿಯೊಬ್ಬ ಎಂಬ ಕಥೆ ಇದೆ. ನಗರದ ಕೋಟೆ ಮೇಲೆ ನಿಂತು ಸುತ್ತ ನೋಡಿದರೆ ಆ ಕಥೆ ಏಕೆ ಹುಟ್ಟಿತು ಅಂತ ತಿಳಿಯುತ್ತದೆ. ದಾರಿ ಗೊತ್ತಿಲ್ಲದವನು ಇಲ್ಲಿ ಎಷ್ಟು ಸೈನ್ಯ ತಂದರೂ ಸುಮ್ನೆ ಅಲೆಯಬೇಕು. ಕವಲೇದುರ್ಗ ಹತ್ತಿದವರಿಗೂ ಇದು ಗೊತ್ತಿರುತ್ತದೆ. ಬಾಗಿಲು ದಾಟಿದ ಮೇಲೆ ಇನ್ನೊಂದು ಬಾಗಿಲು. ಅಷ್ಟರಲ್ಲಿ ಏದುಸಿರು. ಕೈಯಲ್ಲಿ ಬಂದೂಕು, ತಲೆ ಮೇಲೆ ಕಲ್ಲು ಬೀಳುವ ಭಯ ಬೇರೆ ಇದ್ದರೆ?

ತೀರ್ಥಹಳ್ಳಿಯಿಂದ: ಕಾಳಗದ ಪುಟಗಳು ಬೇಜಾರಾದರೆ ಹಾರಿಸಿ. ಯಾರೂ ಪರೀಕ್ಷೆ ಇಡುವುದಿಲ್ಲ.

ಭದ್ರಾವತಿಯಿಂದ: ಸೈನ್ಯದಲ್ಲಿದ್ದು ನಿವೃತ್ತನಾದವನು ನಾನು. ಇಂಥ ಕಾದಂಬರಿ ಕೈಗೆ ಬಂದರೆ ಮೊದಲು ನೋಡುವುದು ಒಂದೇ: ಸೈನಿಕ ಏನು ತಿಂದ, ಅಕ್ಕಿ ಯಾರು ತಂದರು? ಇದು ಗೊತ್ತಿಲ್ಲದ ಲೇಖಕನ ಯುದ್ಧ ನನಗೆ ನಂಬಿಕೆ ಬರುವುದಿಲ್ಲ. ಆ ಕಾಲದಲ್ಲಿ ದಂಡಿನ ಹಿಂದೆ ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಬಂಜಾರರು ಬರುತ್ತಿದ್ದರು. ನಮ್ಮ ಸುತ್ತಮುತ್ತ ಇಷ್ಟು ಲಂಬಾಣಿ ತಾಂಡಾಗಳಿವೆಯಲ್ಲ, ಅವರ ಹಿರಿಯರ ಕಸುಬು ಅದು. ಮೈಸೂರು ಸೈನ್ಯದ ಫಿರಂಗಿ ಎಳೆದದ್ದು ಅಮೃತಮಹಲ್ ಎತ್ತುಗಳು. ಅಜ್ಜಂಪುರದಲ್ಲಿ ಆ ತಳಿಯನ್ನು ಇವತ್ತಿಗೂ ಸಾಕುತ್ತಾರೆ. ಒಳ್ಳೆಯ ಕಾದಂಬರಿಯಲ್ಲಿ ಎತ್ತು ಕುಂಟಿದರೆ ಸೇನಾಪತಿಗೆ ನಿದ್ದೆ ಬರುವುದಿಲ್ಲ.

ಆಮೇಲೆ ಬಂದೂಕು. ಸಿನಿಮಾದಲ್ಲಿ ತೋರಿಸುವ ಹಾಗೆ ಅಲ್ಲ. ಚಕಮಕಿ ಕಲ್ಲಿನ ಬಂದೂಕಿನಲ್ಲಿ ಚೆನ್ನಾಗಿ ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಗುಂಡು ಹಾರಿಸಿದರೆ ದೊಡ್ಡದು. ಮದ್ದು ನೆನೆದರೆ ಅದೂ ಇಲ್ಲ. ಹಲ್ಲಲ್ಲಿ ಕಾಗದದ ತೋಟೆ ಕಚ್ಚಿ, ಮದ್ದು ಸುರಿದು, ಗುಂಡು ಗಿಡಿದು, ಎದುರಿಗೆ ಬರುವವರನ್ನು ನೋಡುತ್ತಾ ಸಾಲಿನಲ್ಲಿ ನಿಂತೇ ಇರಬೇಕು. ಓಡದೆ ನಿಲ್ಲುವುದು ಹೇಗೆ? ಪಕ್ಕದವನು ನಿಂತಿದ್ದಾನೆ, ಅದಕ್ಕೆ. ದೇಶ, ಧರ್ಮ, ರಾಜ ಅನ್ನುವ ಮಾತೆಲ್ಲ ಆ ಗಳಿಗೆಯಲ್ಲಿ ದೂರ. ಇದನ್ನು ಸರಿಯಾಗಿ ಬರೆದವರು ಕಡಿಮೆ. ಬರೆದರೆ ನಾನು ಪುಸ್ತಕ ಕೆಳಗಿಡುವುದಿಲ್ಲ. ನಿಮ್ಮ ಯಜಮಾನರೂ ಅಷ್ಟೇ ಇರಬೇಕು.

ಇಂಗ್ಲಿಷ್ ಓದುವ ಅಭ್ಯಾಸ ಇದ್ದರೆ ‘ಶಾರ್ಪ್ಸ್ ಟೈಗರ್’ ನೋಡಿ. 1799ರ ಶ್ರೀರಂಗಪಟ್ಟಣದ ಮುತ್ತಿಗೆ, ಒಬ್ಬ ಸಾಮಾನ್ಯ ಬ್ರಿಟಿಷ್ ಸಿಪಾಯಿಯ ಕಣ್ಣಲ್ಲಿ. ಆ ಮುತ್ತಿಗೆಯ ಅಸಲಿ ಗಡಿಯಾರ ಕಾವೇರಿ. ಮಳೆ ಬಂದು ಹೊಳೆ ತುಂಬಿದರೆ ದಾಟುವ ಹಾಗಿಲ್ಲ, ಅಕ್ಕಿಯೂ ಮುಗಿಯುತ್ತಾ ಬಂದಿತ್ತು. ಅದಕ್ಕೇ ಮೇ 4ರಂದು ನುಗ್ಗಿದರು. ಮಲೆನಾಡಿನವರಿಗೆ ಈ ಅವಸರ ಬಿಡಿಸಿ ಹೇಳಬೇಕಿಲ್ಲ.

ಸಾಗರದಿಂದ: ಮೇಲಿನವರ ಮಾತು ಒಪ್ಪುತ್ತೇನೆ. ಆದರೆ ಒಂದು ಎಚ್ಚರ ಇರಲಿ. ಕಾದಂಬರಿ ಓದಿ ಅದನ್ನೇ ಇತಿಹಾಸ ಅಂತ ವಾದಕ್ಕೆ ನಿಲ್ಲುವವರು ಜಾಸ್ತಿಯಾಗಿದ್ದಾರೆ. ಪಾತ್ರದ ಬಾಯಲ್ಲಿರುವ ಮಾತು ಲೇಖಕನದು. ಸುಮ್ಮನೆ ವೈಭವ ಹೊಗಳುವ, ಎದುರಾಳಿಗಳೆಲ್ಲ ರಾಕ್ಷಸರು ಅನ್ನುವ ಪುಸ್ತಕ ನನಗಂತೂ ಬೇಡ. ಎರಡೂ ಕಡೆ ಮನುಷ್ಯರಿದ್ದರೆ ಮಾತ್ರ ಓದಬೇಕು ಅನ್ನಿಸುತ್ತದೆ.

ಇನ್ನು ‘ಮುಂದೇನಾಗುತ್ತದೆ’ ಎಂಬ ಕುತೂಹಲ. ತರಾಸು ಅವರ ‘ದುರ್ಗಾಸ್ತಮಾನ’ದಲ್ಲಿ ಹೆಸರೇ ಗುಟ್ಟು ಬಿಟ್ಟುಕೊಡುತ್ತದೆ. 1779ರಲ್ಲಿ ಚಿತ್ರದುರ್ಗ ಬಿತ್ತು, ಮದಕರಿನಾಯಕ ಸೋತ ಅನ್ನುವುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೂ ಓದುವಾಗ ‘ಈ ಸಲ ಗೆಲ್ಲಬಹುದೇನೋ’ ಅನ್ನಿಸುತ್ತದೆ! ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಗೊತ್ತಾದರೆ ಪುಸ್ತಕ ಮುಗಿಯಿತು. ಇಲ್ಲಿ ಸೋಲು ಮೊದಲೇ ಗೊತ್ತಿರುವುದರಿಂದಲೇ ಪ್ರತಿ ಸಣ್ಣ ತಪ್ಪೂ ಚುಚ್ಚುತ್ತದೆ. ಆದರೆ ಪುಸ್ತಕ ದಪ್ಪ. ಎರಡನೆಯದಾಗಿ ಇಟ್ಟುಕೊಳ್ಳಿ.

ಶಿಕಾರಿಪುರದಿಂದ: ಎಲ್ಲರೂ ರಾಜರ ಹಿಂದೆಯೇ ಹೋದಿರಲ್ಲ! ನಮ್ಮ ಕಡೆಯ ಧೋಂಡಿಯಾ ವಾಘ್ ಯಾರಿಗೂ ನೆನಪಾಗಲಿಲ್ವಾ? ಚನ್ನಗಿರಿಯವನು. ಟಿಪ್ಪುವಿನ ಸೆರೆಯಲ್ಲಿದ್ದ. ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದ, ಚದುರಿದ ಸಿಪಾಯಿಗಳನ್ನು ಕೂಡಿಸಿಕೊಂಡ, ಬಿದನೂರು ಸೀಮೆಗೆ ನುಗ್ಗಿದ. ತನ್ನನ್ನು ತಾನೇ ‘ಉಭಯ ಲೋಕಾಧೀಶ್ವರ’ ಅಂತ ಕರೆದುಕೊಂಡ. ಒಂದು ಲೋಕ ಸಾಲಲಿಲ್ಲ ಅವನಿಗೆ! ಅವನ ಬೆನ್ನು ಹತ್ತಿದವನು ಯಾರು? ಮುಂದೆ ವಾಟರ್‌ಲೂದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ವೆಲ್ಲೆಸ್ಲಿ. 1800ರ ಸೆಪ್ಟೆಂಬರ್ 10ರಂದು ಧೋಂಡಿಯಾ ಸತ್ತ. ಅವನ ಪುಟ್ಟ ಮಗ ಸಿಕ್ಕಾಗ ಅದೇ ವೆಲ್ಲೆಸ್ಲಿ ಆ ಹುಡುಗನನ್ನು ಸಾಕುವ ವ್ಯವಸ್ಥೆ ಮಾಡಿದ. ಸೆರೆ, ಬಿಡುಗಡೆ, ಬೆನ್ನಟ್ಟುವಿಕೆ, ಶತ್ರುವಿನ ಮಗ. ಕಾದಂಬರಿಗೆ ಇನ್ನೇನು ಬೇಕು? ಯಾರಾದರೂ ಕನ್ನಡದಲ್ಲಿ ಚೆನ್ನಾಗಿ ಬರೆದರೆ ಮೊದಲ ಪ್ರತಿ ನನಗಿರಲಿ.

ತೀರ್ಥಹಳ್ಳಿಯಿಂದ: ಓದುವಾಗ ಪಕ್ಕದಲ್ಲಿ ಜಿಲ್ಲೆಯ ಒಂದು ನಕ್ಷೆ ಇಟ್ಟುಕೊಳ್ಳಿ. ಇಕ್ಕೇರಿ, ನಗರ, ಕವಲೇದುರ್ಗ ಮೂರಕ್ಕೂ ಗುರುತು ಹಾಕಿ. ಅಷ್ಟು ಸಾಕು, ನಿದ್ದೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ‘ಚನ್ನಬಸವನಾಯಕ’ದಿಂದಲೇ ಶುರು ಮಾಡುತ್ತೇನೆ. ಯಜಮಾನರ ಕಪಾಟಿನಲ್ಲಿ ಹುಡುಕಿದೆ, ದುರ್ಗ ಇದೆ, ಬಿದನೂರು ಇಲ್ಲ. ಯಾರ ಹತ್ತಿರವಾದರೂ ಪ್ರತಿ ಇದ್ದರೆ ತಿಳಿಸಿ, ಓದಿ ವಾಪಸ್ ಕೊಡುತ್ತೇನೆ. ಅಕ್ಷರ ಸ್ವಲ್ಪ ದೊಡ್ಡದಿದ್ದರೆ ಒಳ್ಳೆಯದು.