2003ರ ಎಸ್ಟೀಮ್, ಎಕ್ಸ್‌ಪ್ರೆಸ್‌ವೇ, 140. ತಪ್ಪೇನು?

ಬೆಳ್ಳಿ ಎಸ್ಟೀಮ್ · ಭಾನುವಾರ, ಬೆಳಗ್ಗೆ 9:10
ಎಲ್ಲರಿಗೂ ನಮಸ್ಕಾರ. ನನ್ನದು 2003ರ ಮಾರುತಿ ಎಸ್ಟೀಮ್ ಕಾರು. ಅಪ್ಪ ಕೊಂಡಿದ್ದು, ಈಗ ನನ್ನ ಕೈಗೆ ಬಂದಿದೆ. 1298 ಸಿಸಿ, ಕಂಪನಿಯಿಂದ ಬಂದಾಗ 85 ಬಿಎಚ್‌ಪಿ, ತೂಕ 900 ಕೆಜಿಯ ಒಳಗೆ. ಕಳೆದ ವರ್ಷ ಎಂಜಿನ್ ಹೆಡ್ ಇಳಿಸಿ ಪೋರ್ಟಿಂಗ್ (ಒಳಗೆ ಗಾಳಿ ಓಡಾಡುವ ದಾರಿ ಉಜ್ಜುವ ಕೆಲಸ) ಮಾಡಿಸಿದೆ. ಫ್ರೀ ಫ್ಲೋ ಎಕ್ಸಾಸ್ಟ್ ಹಾಕಿಸಿದೆ. 175/70 ಆರ್13 ಟೈರ್ ತೆಗೆದು 185/60 ಆರ್14 ಅಲಾಯ್ ಹಾಕಿಸಿದೆ. ಇವತ್ತು ಬೆಳಗ್ಗೆ ಮೈಸೂರಿಗೆ ಹೋಗುವಾಗ ಬಿಡದಿ ದಾಟಿದ ಮೇಲೆ 140 ಮುಟ್ಟಿಸಿದೆ. ಸ್ಟೀರಿಂಗ್ ಒಂದು ಚೂರೂ ಅಲುಗಲಿಲ್ಲ. ಪಕ್ಕದಲ್ಲಿದ್ದ ಹೊಸ ಎಸ್‌ಯುವಿ ಹಿಂದೆ ಬಿತ್ತು! ಹಳೇ ಗಾಡಿ ಅಂದರೆ ಎಡಗಡೆ 60ರಲ್ಲಿ ತೆವಳಬೇಕು ಅನ್ನುವವರಿಗೆ ಇದೇ ಉತ್ತರ. ಮುಂದೆ ಕ್ಯಾಮ್ (ಎಂಜಿನ್ ವಾಲ್ವ್ ತೆರೆಯುವ ಭಾಗ) ಬದಲಾಯಿಸುವ ಆಸೆ ಇದೆ. ಯಾರಾದರೂ ಮಾಡಿಸಿದ್ದರೆ ಹೇಳಿ.

ಗ್ಯಾರೇಜ್ ಮಾವ · 9:32
ಸೊಗಸಾದ ಎಂಜಿನ್ ಅದು. ಚೆನ್ನೈ ಟ್ರ್ಯಾಕಿನಲ್ಲಿ ಎಸ್ಟೀಮ್‌ಗಳು ಓಡಿದ್ದು ಸುಮ್ನೆ ಅಲ್ಲ. ಕ್ಯಾಮ್ ಆಮೇಲೆ ಮಾತಾಡೋಣ. ಬ್ರೇಕ್ ಹೋಸ್, ಅಂದರೆ ಬ್ರೇಕ್ ಆಯಿಲ್ ಹೋಗುವ ರಬ್ಬರ್ ಪೈಪ್, ಬದಲಾಯಿಸಿ ಎಷ್ಟು ವರ್ಷ ಆಯ್ತು?

ನಿಧಾನವೇ ಪ್ರಧಾನ · 9:41
ಆ ರಸ್ತೆಯಲ್ಲಿ ಮಿತಿ 100. 130 ದಾಟಿದರೆ ಎಫ್‌ಐಆರ್ ಅಂತ 2024ರ ಆಗಸ್ಟ್ 1ರಿಂದಲೇ ಇದೆ. ನೀವು 140 ಹೋಗಿದ್ದೀರಿ, ಅದನ್ನು ಊರಿಗೆಲ್ಲ ಹೇಳಿಕೊಳ್ಳುತ್ತಿದ್ದೀರಿ. ಮೊದಲು ಈ ಪೋಸ್ಟ್ ತೆಗೆಯಿರಿ.

ಬೆಳ್ಳಿ ಎಸ್ಟೀಮ್ · 9:50
@ನಿಧಾನವೇ ಪ್ರಧಾನ, "130 ದಾಟಿದರೆ" ಅಂದಿರಲ್ಲ, ನಾನು ದಾಟಿಲ್ಲ. ಮೀಟರ್‌ನಲ್ಲಿ 140. ಫೋನಿನ ಜಿಪಿಎಸ್‌ನಲ್ಲಿ 128. ಕಂಪನಿ ಮೀಟರ್ ಯಾವಾಗಲೂ ಜಾಸ್ತಿ ತೋರಿಸುತ್ತದೆ, ಗೊತ್ತಿಲ್ವಾ?

ಸ್ಟೆಪ್ನಿ · 9:58
ಅಯ್ಯೋ, ಎಸ್‌ಯುವಿ ಹಿಂದೆ ಬೀಳುವಾಗ 140, ಪೊಲೀಸ್ ಬಂದಾಗ 128! ಒಳ್ಳೇ ಮೀಟರ್ ಗುರು ನಿಂದು. ನಮ್ಮ ಏರಿಯಾದ ಆಟೋ ಮೀಟರ್‌ಗಿಂತ ಚೆನ್ನಾಗಿದೆ.
ಅದೂ ಅಲ್ಲದೆ ನೀನು ದೊಡ್ಡ ಚಕ್ರ ಹಾಕಿಸಿದ್ದೀಯ. ಚಕ್ರ ದೊಡ್ಡದಾದರೆ ಮೀಟರ್ ಕಮ್ಮಿ ತೋರಿಸುತ್ತದೆ. ಹಾಗಾದ್ರೆ ನಿಜವಾದ ಸ್ಪೀಡ್ 150 ಇರಬೇಕು.

ಲೆಕ್ಕದ ಮೇಷ್ಟ್ರು · 10:15
ಲೆಕ್ಕ ಮಾಡಿ ಮಾತಾಡಿ. ರಿಮ್ 13ರಿಂದ 14 ಆದರೆ ಚಕ್ರವೇ ಒಂದು ಇಂಚು ದೊಡ್ಡದಾಗುವುದಿಲ್ಲ. ಟೈರಿನ ಗೋಡೆ ಗಿಡ್ಡ ಆಗಿದೆ. 175/70 ಆರ್13ರ ಒಟ್ಟು ವ್ಯಾಸ 575 ಮಿಲಿಮೀಟರ್. 185/60 ಆರ್14ರದ್ದು 577 ಚಿಲ್ಲರೆ. ನೂರಕ್ಕೆ ಅರ್ಧ ಪಾಲೂ ವ್ಯತ್ಯಾಸ ಇಲ್ಲ.
ಇನ್ನು ಮೀಟರ್. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸಬಾರದು. ಶೇ 10 ಮತ್ತು ಅದರ ಮೇಲೆ 4 ಕಿಮೀವರೆಗೆ ಜಾಸ್ತಿ ತೋರಿಸಬಹುದು. ಆ ಲೆಕ್ಕದಲ್ಲಿ ಮುಳ್ಳು 140ರಲ್ಲಿದ್ದರೆ ನಿಜವಾದ ವೇಗ 124ರಿಂದ 140ರ ನಡುವೆ ಎಲ್ಲಿ ಬೇಕಾದರೂ ಇರಬಹುದು.

ಬೆಳ್ಳಿ ಎಸ್ಟೀಮ್ · 10:19
ಥ್ಯಾಂಕ್ಸ್ ಮೇಷ್ಟ್ರೇ. ಎಲ್ಲರೂ ಓದಿಕೊಳ್ಳಿ: 124.

ನಿಧಾನವೇ ಪ್ರಧಾನ · 10:21
"140ರ ನಡುವೆ" ಅಂತಲೂ ಬರೆದಿದ್ದಾರೆ. ಅದನ್ನೂ ಓದಿಕೊಳ್ಳಿ.

ಸ್ಟೆಪ್ನಿ · 10:24
ಮೇಷ್ಟ್ರೇ, ಅದು ಹೊಸ ಗಾಡಿ ಮೀಟರ್‌ಗೆ. ಇಪ್ಪತ್ತು ವರ್ಷದ ಮೀಟರ್‌ಗೆ ಯಾವ ವಿಶ್ವಸಂಸ್ಥೆ ಗ್ಯಾರಂಟಿ ಕೊಡುತ್ತದೆ? ನಾನು ಹೇಳಿದ್ದೇ ಸರಿ. ಚಕ್ರ ಅಲ್ಲದಿದ್ದರೆ ಇನ್ನೇನೋ ಹೆಚ್ಚುಕಮ್ಮಿ ಇರುತ್ತದೆ.

ಪದ್ಮಿನಿ ಪತಿ · 10:40
ಇಬ್ಬರೂ ಸ್ವಲ್ಪ ತಣ್ಣಗಾಗಿ. ನನ್ನ ಹತ್ತಿರ ಪ್ರೀಮಿಯರ್ ಪದ್ಮಿನಿ ಇದೆ, ಅದೇ ಹಳೇ ಫಿಯಟ್. 1089 ಸಿಸಿ, ಗೇರ್ ಸ್ಟೀರಿಂಗ್ ಪಕ್ಕ. ಚೆನ್ನೈ ಹತ್ತಿರದ ಶೋಲಾವರಂ ಹಳೇ ಏರ್‌ಸ್ಟ್ರಿಪ್‌ನಲ್ಲಿ ಇದೇ ಫಿಯಟ್‌ಗಳು ರೇಸ್ ಓಡಿದ್ದವು. ನಾನು ಮಾತ್ರ 70 ದಾಟಿಸುವುದಿಲ್ಲ. 70ರಲ್ಲಿ ಅವಳು ಹಾಡುತ್ತಾಳೆ, 80ರಲ್ಲಿ ಬೈಯುತ್ತಾಳೆ. ಹಳೇ ಗಾಡಿಗೆ ಮರ್ಯಾದೆ ಕೊಡುವುದು ಅಂದರೆ ಮೂಲ ಸ್ವರೂಪದಲ್ಲಿ ಇಟ್ಟುಕೊಳ್ಳುವುದು.

ಬೆಳ್ಳಿ ಎಸ್ಟೀಮ್ · 10:47
"ರೇಸ್ ಓಡಿದ್ದವು" ಅಂತ ನೀವೇ ಹೇಳಿದಿರಿ ಅಣ್ಣ. ಅವರೇನು ಮೂಲ ಸ್ವರೂಪದಲ್ಲಿ ಓಡಿಸಿದರಾ? ಕಾರ್ಬ್ಯುರೇಟರ್, ಕ್ಯಾಮ್, ಕಂಪ್ರೆಷನ್ ಎಲ್ಲ ಬದಲಾಯಿಸಿದ್ದರು.

ಪದ್ಮಿನಿ ಪತಿ · 10:52
ಏರ್‌ಸ್ಟ್ರಿಪ್‌ನಲ್ಲಿ ಓಡಿಸಿದ್ದರು ತಮ್ಮಾ. ರಾಮನಗರ ಬೈಪಾಸ್‌ನಲ್ಲಿ ಅಲ್ಲ.

ಗ್ಯಾರೇಜ್ ಮಾವ · 10:55
ನನ್ನ ಪ್ರಶ್ನೆ ಇನ್ನೂ ಅಲ್ಲೇ ಇದೆ. ಹೋಸ್?

ಮ್ಯೂನಿಕ್ ಮೈಸೂರಿಗ · 11:20
ನಾನಿರುವ ಕಡೆ ಆಟೋಬಾನ್‌ನ ಎಷ್ಟೋ ಭಾಗಗಳಲ್ಲಿ ಮಿತಿಯೇ ಇಲ್ಲ, 130 ಬರೀ ಸಲಹೆ. ಹಳೇ ಗಾಡಿಗಳು ಆರಾಮಾಗಿ 150 ಹೋಗುತ್ತವೆ. ಆದರೆ ಎರಡು ವರ್ಷಕ್ಕೊಮ್ಮೆ ತಪಾಸಣೆ ಇದೆ. ಗಾಡಿಯಲ್ಲಿ ದೊಡ್ಡ ಬದಲಾವಣೆ ಮಾಡಿದರೆ ಪರೀಕ್ಷಕರ ಒಪ್ಪಿಗೆ ಬೇಕು, ಕಾಗದದಲ್ಲೂ ಸೇರಬೇಕು. 30 ವರ್ಷ ದಾಟಿದ, ಹಳೇ ಸ್ವರೂಪ ಉಳಿಸಿಕೊಂಡ ಗಾಡಿಗೆ ಬೇರೆ ನಂಬರ್ ಪ್ಲೇಟೇ ಸಿಗುತ್ತದೆ. ವ್ಯವಸ್ಥೆ ಇದ್ದರೆ ವೇಗ ತಪ್ಪಲ್ಲ.

ಸ್ಟೆಪ್ನಿ · 11:26
ಬಂತು ಜರ್ಮನಿ! ಅಲ್ಲಿ ಎದುರಿಗೆ ಎಮ್ಮೆ ಬರುತ್ತದಾ ಸಾರ್? ಬೇಲಿ ಹಾರಿ ರಸ್ತೆ ದಾಟುವವರು ಬರುತ್ತಾರಾ?

ಬೆಳ್ಳಿ ಎಸ್ಟೀಮ್ · 11:30
"ವೇಗ ತಪ್ಪಲ್ಲ." ಇದನ್ನೇ ನಾನೂ ಹೇಳುತ್ತಿರುವುದು. ನನ್ನ ಗಾಡಿಗೆ ಎಫ್‌ಸಿ ಆಗಿದೆ. ಸರ್ಕಾರವೇ ಫಿಟ್ ಅಂತ ಬರೆದುಕೊಟ್ಟಿದೆ.

ನಿಧಾನವೇ ಪ್ರಧಾನ · 11:38
ಎಫ್‌ಸಿ ಮಾಡುವಾಗ 140ರಲ್ಲಿ ಓಡಿಸಿ ನೋಡಿದರಾ? ಹೆಡ್ ಕೆಲಸದ ವಿಷಯ ಅವರಿಗೆ ಹೇಳಿದಿರಾ? ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಓದಿ. ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿ ವಿವರ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ.

ಬೆಳ್ಳಿ ಎಸ್ಟೀಮ್ · 11:44
"ಆರ್‌ಸಿ ವಿವರ" ಅಂದಿರಲ್ಲ. ಆರ್‌ಸಿಯಲ್ಲಿ 1298 ಸಿಸಿ ಅಂತ ಇದೆ, ಈಗಲೂ 1298 ಸಿಸಿಯೇ. ಎಂಜಿನ್ ನಂಬರ್ ಅದೇ, ಬಣ್ಣ ಅದೇ. ಪೋರ್ಟ್ ಉಜ್ಜಿದ್ದನ್ನು ಯಾವ ಆರ್‌ಸಿಯಲ್ಲಿ ಬರೆಯುತ್ತಾರೆ ಸ್ವಾಮಿ?
ಮತ್ತೆ ಆ 128ರ ವಿಷಯ. ಜಿಪಿಎಸ್ ನಂಬದಿದ್ದರೆ ಇನ್ನೊಂದು ಸಾಕ್ಷಿ ಇದೆ. ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಸ್ಟಾಪ್‌ವಾಚ್ ಹಿಡಿದೆವು. 28 ಸೆಕೆಂಡ್. ಲೆಕ್ಕ ಹಾಕಿ.

ಲೆಕ್ಕದ ಮೇಷ್ಟ್ರು · 11:52
3600 ಭಾಗಿಸು 28, ಅಂದರೆ 128.6. ಸರಿ. ಆದರೆ ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್. ಒಂದು ಸೆಕೆಂಡ್ ತಪ್ಪಿ 27 ಇದ್ದರೆ 133. ಎಫ್‌ಐಆರ್ ಗೆರೆಯ ಆಚೆ!

ಸ್ಟೆಪ್ನಿ · 11:55
ಕಲ್ಲು ನೆಟ್ಟವನು ಟೇಪ್ ಹಿಡಿದು ನೆಟ್ಟನಾ? ಎರಡು ಕಲ್ಲಿನ ನಡುವೆ 1050 ಮೀಟರ್ ಇದ್ದರೆ? ಲೆಕ್ಕ ಹಾಕಿ ಮೇಷ್ಟ್ರೇ.

ಲೆಕ್ಕದ ಮೇಷ್ಟ್ರು · 11:58
135. ಆದರೆ 950 ಇದ್ದರೆ 122. ಸುಮ್ನೆ ಏನೇನೋ ಊಹೆ ಮಾಡಬೇಡಿ.

ಸ್ಟೆಪ್ನಿ · 11:59
135 ಅಂತ ಮೇಷ್ಟ್ರೇ ಹೇಳಿದರು. ಮುಗೀತು.

ಲೆಕ್ಕದ ಮೇಷ್ಟ್ರು · 12:01
ನಾನು ಹಾಗೆ ಹೇಳಿಲ್ಲ!! ಪೂರ್ತಿ ಓದುವ ಅಭ್ಯಾಸ ಇಲ್ವಾ ನಿಮಗೆ?

ನಿಧಾನವೇ ಪ್ರಧಾನ · 12:06
ಒಂದು ನಿಮಿಷ. "ಹಿಡಿದೆವು" ಅಂತ ಬರೆದಿದ್ದೀರಿ. ಸ್ಟಾಪ್‌ವಾಚ್ ಒತ್ತಿದ್ದು ಯಾರು?

ಬೆಳ್ಳಿ ಎಸ್ಟೀಮ್ · 12:10
ತಂಗಿ. ಪಕ್ಕದ ಸೀಟಿನಲ್ಲಿ ಇದ್ದಳು. ಬೆಲ್ಟ್ ಹಾಕಿಕೊಂಡಿದ್ದಳು. ಯಾಕೆ?

ನಿಧಾನವೇ ಪ್ರಧಾನ · 12:18
ನಿಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇದೆಯಾ? ಎಬಿಎಸ್? 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು ನಮ್ಮ ಚಿಕ್ಕ ಕಾರುಗಳನ್ನು ಗುದ್ದಿಸಿ ನೋಡಿದರು. ಏರ್‌ಬ್ಯಾಗ್ ಇಲ್ಲದ ಆಲ್ಟೊ 800ಕ್ಕೆ ಸೊನ್ನೆ ಸ್ಟಾರ್ ಬಂತು. ಆ ಪರೀಕ್ಷೆ ನಡೆದಿದ್ದು ಬರೀ 64 ಕಿಮೀ ವೇಗದಲ್ಲಿ. ನೀವೇ ಹೇಳುವ 128 ಅದರ ಎರಡರಷ್ಟು. ವೇಗ ಎರಡರಷ್ಟಾದರೆ ಗುದ್ದಿನ ಶಕ್ತಿ ನಾಲ್ಕರಷ್ಟು. ತಂಗಿಯನ್ನು ಕೂರಿಸಿಕೊಂಡು!

ಬೆಳ್ಳಿ ಎಸ್ಟೀಮ್ · 12:22
ಮನೆಯವರನ್ನು ಎಳೆದು ತರಬೇಡಿ. ಇದು ಕೊನೇ ಸಲ ಹೇಳುತ್ತಿರುವುದು.
ಆಲ್ಟೊ 800 ಆಗ ಹೊಸ ಗಾಡಿ. ಅಂದರೆ ನಿಮ್ಮ ಸಾಕ್ಷಿಯಲ್ಲೇ ಹೊಸ ಗಾಡಿಗೆ ಸೊನ್ನೆ! ಹಳೇದು ಅಪಾಯ, ಹೊಸದು ಸುರಕ್ಷಿತ ಅನ್ನುವ ನಿಮ್ಮ ವಾದ ಎಲ್ಲಿ ಹೋಯ್ತು?

ಮ್ಯೂನಿಕ್ ಮೈಸೂರಿಗ · 12:35
ಹಳೇದು ಮತ್ತು ಹೊಸದಕ್ಕೆ ಒಂದು ಒಳ್ಳೇ ಉದಾಹರಣೆ ಇದೆ. 2009ರಲ್ಲಿ ಅಮೆರಿಕದ ಐಐಎಚ್‌ಎಸ್ ಸಂಸ್ಥೆ 1959ರ ಶೆವರ್ಲೆ ಬೆಲ್ ಏರ್‌ಗೂ 2009ರ ಮಾಲಿಬುಗೂ ಎದುರಾಎದುರು ಡಿಕ್ಕಿ ಹೊಡೆಸಿತು. ಆ ದಪ್ಪ ತಗಡಿನ ಹಳೇ ಗಾಡಿಯಲ್ಲಿ ಡ್ರೈವರ್ ಕೂರುವ ಜಾಗವೇ ಕುಸಿಯಿತು.

ಪದ್ಮಿನಿ ಪತಿ · 12:41
"ದಪ್ಪ ತಗಡು" ಅಂತ ಅಸಡ್ಡೆಯಿಂದ ಹೇಳಬೇಡಿ ಸಾರ್. ನನ್ನ ಪದ್ಮಿನಿ ಬಾನೆಟ್ ಮೇಲೆ ಇಬ್ಬರು ಕೂತರೂ ಬಗ್ಗುವುದಿಲ್ಲ. ಈಗಿನ ಕಾರಿನ ಮೇಲೆ ಬೆಕ್ಕು ಕೂತರೂ ತಗ್ಗು.

ಮ್ಯೂನಿಕ್ ಮೈಸೂರಿಗ · 12:44
ಬಗ್ಗಬೇಕು ಅಂತಲೇ ಹಾಗೆ ಮಾಡಿರುವುದು ಸಾರ್. ಗಾಡಿ ಬಗ್ಗದಿದ್ದರೆ ಒಳಗಿರುವವರು ಬಗ್ಗುತ್ತಾರೆ.

ಪದ್ಮಿನಿ ಪತಿ · 12:46
ಇರಲಿ ಬಿಡಿ. ನಿಮ್ಮ ಜರ್ಮನಿ ನಿಮಗೆ, ನಮ್ಮ ಪದ್ಮಿನಿ ನಮಗೆ.

ಗ್ಯಾರೇಜ್ ಮಾವ · 1:05
ನಾನು ಮೂರನೇ ಸಲ ಕೇಳುತ್ತಿದ್ದೇನೆ. ಆದರೆ ಯಾಕೆ ಅಂತ ಹೇಳಿಲ್ಲ, ಅದು ನನ್ನ ತಪ್ಪು.
ನನ್ನ ಗ್ಯಾರೇಜಿಗೆ ಬರುವ ಹಳೇ ಗಾಡಿಗಳಲ್ಲಿ ಎಲ್ಲರೂ ದುಡ್ಡು ಸುರಿಯುವುದು ಎಂಜಿನ್‌ಗೆ. ಸದ್ದು ಕೇಳುತ್ತದೆ, ಎಳೆತ ಗೊತ್ತಾಗುತ್ತದೆ. ಬ್ರೇಕ್ ಹೋಸ್ ಬದಲಾಯಿಸಿದರೆ ಯಾವ ಸದ್ದೂ ಇಲ್ಲ, ಹಾಗಾಗಿ ಯಾರಿಗೂ ಬೇಡ. ರಬ್ಬರ್ ಹೋಸ್ ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇರುತ್ತದೆ. ಒಳಗೆ ಊದಿಕೊಂಡು ದಾರಿ ಕಿರಿದಾಗಿರುತ್ತದೆ. ಊರೊಳಗೆ 40ರಲ್ಲಿ ಗೊತ್ತೇ ಆಗುವುದಿಲ್ಲ. ಜೋರಾಗಿ ಬ್ರೇಕ್ ಒತ್ತಿದ ದಿನ ಗಾಡಿ ಒಂದು ಕಡೆ ಎಳೆಯುತ್ತದೆ.
ಬ್ರೇಕ್ ಆಯಿಲ್ ಕಥೆಯೂ ಅಷ್ಟೇ. ಅದು ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಹೀರಿದ್ದಕ್ಕೆ ಆ ಮಿತಿ 140. ನೋಡಿ, ನಿಮ್ಮದೇ ನಂಬರ್. ಕುದ್ದರೆ ಪೈಪಿನೊಳಗೆ ಆವಿಯ ಗುಳ್ಳೆ, ಪೆಡಲ್ ಸ್ಪಂಜಿನ ಹಾಗೆ ಕೆಳಗೆ ಹೋಗುತ್ತದೆ. 100ರಲ್ಲಿ ನಿಲ್ಲಿಸುವಾಗ ಬ್ರೇಕ್ ಎಷ್ಟು ಬಿಸಿ ತಾಳಬೇಕೋ 140ರಲ್ಲಿ ಅದರ ಹೆಚ್ಚುಕಮ್ಮಿ ಎರಡರಷ್ಟು ತಾಳಬೇಕು. ನಿಮ್ಮ ಗಾಡಿಯಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್.
ಟೈರ್ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2315 ಅಂದರೆ 2015ರ 23ನೇ ವಾರದ್ದು. ಅಲಾಯ್ ಜೊತೆ ಸೆಕೆಂಡ್ ಹ್ಯಾಂಡ್ ಟೈರ್ ಬಂದಿದ್ದರೆ ಅದನ್ನೂ ನೋಡಿ. ಟೈರಿನ ಮೇಲಿನ ಗುಂಡಿ ಸವೆಯದೆ ಎಷ್ಟೇ ಉಳಿದಿರಲಿ, ಹಳೇ ಟೈರಿನ ರಬ್ಬರ್ ಒಣಗಿರುತ್ತದೆ.
ವೇಗ ಬೇಡ ಅಂತ ನಾನು ಹೇಳುವುದಿಲ್ಲ. ಚೆನ್ನೈ, ಕೊಯಮತ್ತೂರು ಎರಡೂ ಕಡೆ ಟ್ರ್ಯಾಕ್ ಇದೆ. ಅಲ್ಲಿ ಗಾಡಿ ಒಳಗೆ ಬಿಡುವ ಮೊದಲು ನೋಡುವುದೇ ಇದನ್ನೆಲ್ಲ.

ಸ್ಟೆಪ್ನಿ · 1:09
"ನಿಮ್ಮದೇ ನಂಬರ್" 140 ಅಂತೆ. ಅಂದರೆ ಮಾವನೂ ಒಪ್ಪಿದರು, 128 ಅಲ್ಲ.

ಬೆಳ್ಳಿ ಎಸ್ಟೀಮ್ · 1:15
ಕೊಯಮತ್ತೂರಿಗೆ ಮುನ್ನೂರೈವತ್ತು ಕಿಮೀ ಮೇಲಿದೆ ಮಾವ. ಅಲ್ಲಿಗೆ ಹೋಗಿ ಬರುವ ಪೆಟ್ರೋಲ್‌ನಲ್ಲಿ ಕ್ಯಾಮ್ ಬರುತ್ತದೆ.

ನಿಧಾನವೇ ಪ್ರಧಾನ · 1:20
ಅಂದರೆ ದುಡ್ಡು ಉಳಿಸೋಕೆ ಜನ ಓಡಾಡುವ ರಸ್ತೆ. ಸರಿ. ಸ್ಕ್ರೀನ್‌ಶಾಟ್ ತೆಗೆದುಕೊಂಡಿದ್ದೇನೆ.

ಬೆಳ್ಳಿ ಎಸ್ಟೀಮ್ · 1:22
ತೆಗೆದುಕೊಳ್ಳಿ. ಫ್ರೇಮ್ ಹಾಕಿಸಿ. 100ರ ರಸ್ತೆಯಲ್ಲಿ ಬಲಗಡೆ ಲೇನ್ ಹಿಡಿದು 70ರಲ್ಲಿ ಹೋಗುವವರು ನೀವೇ ಇರಬೇಕು. ಆ ಲೇನ್ ನಿಮ್ಮ ತಾತನದ್ದಾ?

ನಿಧಾನವೇ ಪ್ರಧಾನ · 1:24
ಈಗ ತಾತ ಬಂದರು. ಮನೆಯವರನ್ನು ಎಳೆಯಬೇಡಿ ಅಂದಿದ್ದು ಯಾರು?

ಪದ್ಮಿನಿ ಪತಿ · 1:30
ನಾನು ಈಗಲೂ ಹಳೇ ರೋಡಲ್ಲೇ ಹೋಗುತ್ತೇನೆ. ಮದ್ದೂರಲ್ಲಿ ನಿಲ್ಲಿಸಿ ವಡೆ ತಿನ್ನುತ್ತೇನೆ. ಬೈಪಾಸ್ ಬಂದ ಮೇಲೆ ಅಲ್ಲಿ ಜನವೇ ಕಮ್ಮಿ ಆಗಿದ್ದಾರೆ, ಪಾಪ. ಯಾರಿಗೂ ಮೀಟರ್ ಬೇಕಾಗಿಲ್ಲ ಅಲ್ಲಿ.

ಲೆಕ್ಕದ ಮೇಷ್ಟ್ರು · 1:48
ಬ್ರೇಕ್ ಲೆಕ್ಕ ಸರಿ ಇದೆ. 140ರ ವರ್ಗ ಭಾಗಿಸು 100ರ ವರ್ಗ, 1.96. ಆದರೆ 128 ಅಂತ ಹಿಡಿದರೆ 1.64 ಮಾತ್ರ. ಹಾಗಾಗಿ ಯಾವ ವೇಗ ಅನ್ನುವುದು ಮೊದಲು ತೀರ್ಮಾನ ಆಗಬೇಕು.

ಮ್ಯೂನಿಕ್ ಮೈಸೂರಿಗ · 1:53
ದೇವರೇ.

ಬೆಳ್ಳಿ ಎಸ್ಟೀಮ್ · ಸಂಜೆ 6:40
@ಗ್ಯಾರೇಜ್ ಮಾವ, ನೀವು ಹೇಳಿದಿರಿ ಅಂತ ಏನಲ್ಲ, ಹೇಗಿದ್ದರೂ ಕ್ಯಾಮ್ ಕೆಲಸಕ್ಕೆ ಗಾಡಿ ಬಿಚ್ಚುತ್ತಾರೆ ಅಂತ ಕೇಳುತ್ತಿದ್ದೇನೆ. ಹೋಸ್ ಮುಂದಿನವು ಮಾತ್ರ ಸಾಕಾ, ಹಿಂದಿನವೂ ಹಾಕಿಸಬೇಕಾ? ಅಪ್ಪನನ್ನು ಕೇಳಿದೆ. ಅವರಿಗೆ ಬದಲಾಯಿಸಿದ ನೆನಪಿಲ್ಲ.

ಗ್ಯಾರೇಜ್ ಮಾವ · 6:52
ಎಲ್ಲವೂ. ಆಯಿಲ್ ಪೂರ್ತಿ ತೆಗೆದು ಹೊಸದು. ಹಿಂದಿನ ವೀಲ್ ಸಿಲಿಂಡರ್ ಲೀಕ್ ಇದೆಯಾ ಅಂತಲೂ ನೋಡಲು ಹೇಳಿ. ಅಲ್ಲಿಯವರೆಗೆ ಗಾಡಿ ಊರೊಳಗೇ ಇರಲಿ.

ಸ್ಟೆಪ್ನಿ · 6:55
ಅದೆಲ್ಲ ಸರಿ. ಮೊದಲು ಟೈಟಲ್‌ನಲ್ಲಿ 140 ತೆಗೆದು 128 ಹಾಕು ಗುರು.

ಬೆಳ್ಳಿ ಎಸ್ಟೀಮ್ · 6:57
ಮೀಟರ್‌ನಲ್ಲಿ 140 ಇತ್ತು. ಟೈಟಲ್ ಹಾಗೇ ಇರುತ್ತದೆ.