ಆರು ಸೋಲಾರ್ ಪ್ಯಾನೆಲ್, 150 ವೋಲ್ಟಿನ ಕಂಟ್ರೋಲರ್: ಹೇಗೆ ಜೋಡಿಸೋದು

ಚಿಕ್ಕಪ್ಪ, ಆರು ಪ್ಯಾನೆಲನ್ನ ಮೂರು ಮೂರರಂತೆ ಸೀರೀಸ್ ಮಾಡಿ (ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ) ಎರಡು ಸಾಲು ಹಾಕ್ಲಾ ಅಂತ ಕೇಳಿದ್ರಲ್ಲ, ದಯವಿಟ್ಟು ಹಾಗೆ ಮಾಡ್ಬೇಡಿ. ನೀವು ಕಳಿಸಿದ ಲೇಬಲ್ ಫೋಟೋದಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದ್ರೆ ಏನನ್ನೂ ಜೋಡಿಸದೆ ಇದ್ದಾಗಿನ ವೋಲ್ಟೇಜ್, 49.5 ಇದೆ. ಮೂರಕ್ಕೆ 148.5 ಆಯ್ತು, ಬ್ಯಾಟರಿ ಚಾರ್ಜ್ ಮಾಡೋ ಕಂಟ್ರೋಲರ್ 150ರ ತನಕ ತಡೆಯುತ್ತೆ, ಸರಿಹೋಯ್ತಲ್ಲ ಅನ್ಸುತ್ತೆ. ಆದ್ರೆ ಅದು ಪ್ಯಾನೆಲಿನ ಸೆಲ್ 25 ಡಿಗ್ರಿ ಇದ್ದಾಗಿನ ಲೆಕ್ಕ. ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತೆ. ಅದೇ ಲೇಬಲ್‌ನಲ್ಲಿ ಡಿಗ್ರಿಗೆ 0.28 ಪರ್ಸೆಂಟ್ ಅಂತಿದೆ ನೋಡಿ. ಬೆಳಿಗ್ಗೆ 10 ಡಿಗ್ರಿ ಚಳೀಲಿ ಬಿಸಿಲು ಬಿತ್ತು ಅಂದ್ರೆ 154 ದಾಟುತ್ತೆ, ಕಂಟ್ರೋಲರ್ ಸುಟ್ಟುಹೋಗಕ್ಕೆ ಒಂದು ಬೆಳಿಗ್ಗೆ ಸಾಕು.

ಎರಡೆರಡು ಸೀರೀಸ್ ಮಾಡಿ, ಮೂರು ಸಾಲನ್ನ ಪ್ಯಾರಲಲ್ ಮಾಡಿ (ಪ್ಲಸ್ಸೆಲ್ಲ ಒಟ್ಟಿಗೆ, ಮೈನಸ್ಸೆಲ್ಲ ಒಟ್ಟಿಗೆ). ಚಳಿಯಲ್ಲೂ ಸುಮಾರು 103 ವೋಲ್ಟ್, ಅಷ್ಟೆ. ಕರೆಂಟ್ ಮಾತ್ರ ಒಂದು ಸಾಲಿಗೆ 13.9ರಂತೆ ಒಟ್ಟು 41.7 ಆಂಪ್ಸ್ ಆಗುತ್ತೆ, ಕಂಟ್ರೋಲರ್‌ನ ಪ್ಯಾನೆಲ್ ಜೋಡಿಸೋ ಪಿವಿ ಇನ್‌ಪುಟ್ ಅಷ್ಟನ್ನ ಒಪ್ಪುತ್ತಾ ಅಂತ ಅದರ ಪುಸ್ತಕದಲ್ಲಿ ನೋಡ್ಕೊಳ್ಳಿ.

ಮೂರು ಸಾಲು ಅಂದ್ಮೇಲೆ ಫ್ಯೂಸ್ ಬೇಕೇ ಬೇಕು. ಒಂದು ಸಾಲು ಶಾರ್ಟ್ ಆದ್ರೆ ಉಳಿದೆರಡು ಸೇರಿ 27.8 ಆಂಪ್ಸ್ ಅದರೊಳಗೆ ನುಗ್ಗಿಸ್ತವೆ. ನಿಮ್ಮ ಪ್ಯಾನೆಲ್ ತಡ್ಕೊಳ್ಳೋ ಗರಿಷ್ಠ ಫ್ಯೂಸ್ 25 ಆಂಪ್ಸ್. ಹಾಗಾಗಿ ಪ್ರತಿ ಸಾಲಿನ ಪ್ಲಸ್‌ಗೆ ಸೋಲಾರ್‌ಗೇ ಅಂತ ಬರೋ 25 ಆಂಪ್ಸ್ ಡಿಸಿ ಫ್ಯೂಸ್ ಹಾಕಿಸಿ.

ಮನೇಲಿ ಉಳಿದಿರೋ ಎಸಿ ಎಂಸಿಬಿ (ಮನೆ ಬೋರ್ಡಿನ ಟ್ರಿಪ್ ಸ್ವಿಚ್) ಹಾಕ್ತೀನಿ ಅಂದ್ರಿ, ಅದು ಬೇಡವೇ ಬೇಡ. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತೆ, ಆಗ ಕಿಡಿ ಆರುತ್ತೆ. ಡಿಸಿ ಸೊನ್ನೆಗೆ ಬರೋದೇ ಇಲ್ಲ, ಕಿಡಿ ಹಾಗೇ ಉರೀತಾ ಸ್ವಿಚ್ಚನ್ನೇ ಕರಗಿಸುತ್ತೆ. 63 ಆಂಪ್ಸಿನ ಡಿಸಿ ಐಸೊಲೇಟರ್ (ಪ್ಯಾನೆಲ್ ಕರೆಂಟ್ ಕಡಿಯೋ ಸ್ವಿಚ್) ತಗೊಳ್ಳಿ, ವೋಲ್ಟೇಜ್ ರೇಟಿಂಗ್ 150ಕ್ಕಿಂತ ಮೇಲಿರ್ಲಿ. ಇದೇ ಕಾರಣಕ್ಕೆ ಬಿಸಿಲಲ್ಲಿ ಕರೆಂಟ್ ಹರೀತಿರುವಾಗ ಪ್ಯಾನೆಲ್ ವೈರಿನ ತುದೀಲಿರೋ ಎಂಸಿ4 ಕನೆಕ್ಟರ್ ಎಳೀಬೇಡಿ, ಮೊದಲು ಐಸೊಲೇಟರ್ ಆಫ್ ಮಾಡಿ. ಕನೆಕ್ಟರ್ ಗಂಡು ಹೆಣ್ಣು ಎರಡೂ ಒಂದೇ ಕಂಪನೀದಾಗಿರ್ಲಿ. ಬೇರೆ ಬೇರೆ ಆದ್ರೂ ಕ್ಲಿಕ್ ಅಂತ ಕೂರ್ತವೆ, ಆದ್ರೆ ಒಳಗೆ ಸರಿಯಾಗಿ ಕಚ್ಚದೆ ಬಿಸಿಯಾಗ್ತವೆ.

ಪ್ಯಾರಲಲ್ ಮಾಡೋ ಮುಂಚೆ ಒಂದೊಂದು ಸಾಲನ್ನೂ ಮಲ್ಟಿಮೀಟರಲ್ಲಿ ನೋಡಿ. ಮೂರೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ತೋರಿಸ್ಬೇಕು. ಮೈನಸ್ ಗುರುತು ಬಂದ್ರೆ ಎಲ್ಲೋ ಉಲ್ಟಾ ಆಗಿದೆ ಅಂತ. ಫ್ರೇಮುಗಳಿಗೆಲ್ಲ ಅರ್ತಿಂಗ್ ಮಾಡಿಸಿ. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಪ್ಯಾನೆಲ್ ಮೊದಲು.

ಪ್ಯಾನೆಲಿಂದ ಫ್ಯೂಸ್ ಬಾಕ್ಸಿಗೆ 4 ಸ್ಕ್ವೇರ್ ಎಂಎಂ ಸೋಲಾರ್ ಕೇಬಲ್ ಸಾಕು. ಅಲ್ಲಿಂದ ಕಂಟ್ರೋಲರ್‌ಗೆ ಎಷ್ಟು ಮೀಟರ್ ಆಗುತ್ತೆ ಅಳೆದು ಹೇಳಿ, 10 ಸ್ಕ್ವೇರ್ ಎಂಎಂ ಸಾಕಾ 16 ಬೇಕಾ ಅಂತ ಲೆಕ್ಕ ಹಾಕಿ ಹೇಳ್ತೀನಿ.